ಹೆಂಡತಿಯ ಇಎಸ್‌ಐ ಕಾರ್ಡಿನಲ್ಲಿ ನನ್ನ ಹೆಸರು

ಸಂಬಳ ತರುವ ಗಂಡಸನ್ನು ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಎಲ್ಲಿಗೆ ಹೋಗಿದ್ದೆ, ಯಾಕೆ ತಡ, ಎಷ್ಟು ಖರ್ಚಾಯಿತು, ಏನು ತಿಂದೆ ಅಂತ ಅಪ್ಪಿತಪ್ಪಿ ಕೇಳಿದರೂ ಒಂದು ‘ಹೂಂ’ ಅಂದರೆ ಮಾತು ಮುಗಿಯುತ್ತದೆ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸಿಎನ್‌ಸಿ ಆಪರೇಟರ್ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡಿಯುವ ಮೆಷಿನ್ ಸೆಟ್ಟಿಂಗ್ ಮಾಡಿ ನಡೆಸುವವನು) ಆಗಿದ್ದಷ್ಟು ಕಾಲ ನನಗೂ ಈ ಸವಲತ್ತು ಇತ್ತು. ಇದೆ ಅಂತ ಗೊತ್ತೇ ಇರಲಿಲ್ಲ, ಅಷ್ಟೆ. ಕಿಡ್ನಿ ಕೈಕೊಟ್ಟಾಗ ಮೊದಲು ಹೋಗಿದ್ದು ಇದೇ. ಸಂಬಳ ಆಮೇಲೆ ಹೋಯಿತು.

ಇದನ್ನು ಬರೆಯೋಣ ಅನ್ನಿಸಿದ್ದು ಡಯಾಲಿಸಿಸ್ ಯೂನಿಟ್‌ನಲ್ಲಿ. ನಾವು ಗಂಡಸರು ಅಲ್ಲಿ ಪಕ್ಕಪಕ್ಕ ನಾಲ್ಕು ಗಂಟೆ ಮಲಗಿರುತ್ತೇವೆ. ಮೈಯಲ್ಲಿ ನೀರು ನಿಂತು ಇವತ್ತು ಎಷ್ಟು ಕೇಜಿ ತೂಕ ಜಾಸ್ತಿ ಬಂತು, ಹಿಮೋಗ್ಲೋಬಿನ್ ಎಷ್ಟು, ಎಲೆಕ್ಷನ್ ಏನಾಯ್ತು, ಇಷ್ಟೇ ಮಾತು. ಹೊರಗೆ ಬೆಂಚಿನ ಮೇಲೆ ಕೂತ ಹೆಂಗಸರ ಮಾತೇ ಬೇರೆ. ಹೊಸದಾಗಿ ಬಂದ ಒಬ್ಬರ ಹೆಂಡತಿ ನನ್ನ ಹೆಂಡತಿಯನ್ನು ಕೇಳಿದರಂತೆ, “ನಿಮ್ಮ ಯಜಮಾನ್ರೂ ಹಿಂಗೇ ಸಿಡುಕ್ತಾರಾ ಅಕ್ಕ? ಇಲ್ಲಾ ನಮ್ಮೋರು ಮಾತ್ರಾನಾ?” ಆ ಪ್ರಶ್ನೆಗೆ ಹೆಂಗಸರು ಹೆಂಗಸರ ಹತ್ತಿರ ಉತ್ತರ ಹುಡುಕುತ್ತಿದ್ದಾರೆ. ಸಿಡುಕುವವರು ಒಳಗೆ ಮಲಗಿ ರಾಜಕೀಯ ಮಾತಾಡುತ್ತಿದ್ದೇವೆ.

ನನ್ನ ಕಾಯಿಲೆಯ ಹೆಸರು ಐಜಿಎ ನೆಫ್ರೋಪಥಿ. ನಮ್ಮ ದೇಹದ ರೋಗನಿರೋಧಕ ಪ್ರೋಟೀನೇ ಕಿಡ್ನಿಯ ಜರಡಿಯಲ್ಲಿ ಕೂತು ಅದನ್ನು ನಿಧಾನಕ್ಕೆ ಹಾಳುಮಾಡುತ್ತದೆ. ಮೂತ್ರದಲ್ಲಿ ನೊರೆ, ಬಿಪಿ ಜಾಸ್ತಿ, ಆಮೇಲೆ ಬಯಾಪ್ಸಿ. ಯಾರ ತಪ್ಪಿನಿಂದಲೂ ಬರುವಂಥದ್ದಲ್ಲ. ಆದರೆ ಗಂಡಸಿಗೆ ಕಿಡ್ನಿ ಹೋಯಿತು ಅಂದರೆ ಜನರ ಬಾಯಲ್ಲಿ ಮೊದಲು ಬರುವ ಮಾತು, “ಕುಡೀತಿದ್ರಾ?” ಇಲ್ಲ ಅಂದರೆ ಸಿಗರೇಟು. ಅದೂ ಇಲ್ಲ ಅಂದರೆ ನೈಟ್ ಶಿಫ್ಟು. ನನ್ನ ಸೋದರಮಾವ ಮೆಷಿನ್‌ಗೆ ಹಾಕುವ ಕೂಲಂಟ್ ಎಣ್ಣೆಯ ತನಕ ಬಂದರು. ಹೆಂಗಸಿಗೆ ಕಾಯಿಲೆ ಬಂದರೆ “ಪಾಪ, ಅವಳ ಹಣೆಬರಹ” ಅನ್ನುವ ಜನ, ಗಂಡಸಿಗೆ ಬಂದರೆ ಏನು ಮಾಡಿಕೊಂಡ ಅಂತ ಹುಡುಕುತ್ತಾರೆ. ನನಗೆ ಆ ಕಾಯಿಲೆಗಿಂತ ಈ ವಿಚಾರಣೆ ಜಾಸ್ತಿ ಸುಸ್ತು ಮಾಡಿತು.

2018ರ ಕೊನೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಮೊದಲು ಕುತ್ತಿಗೆಯಲ್ಲಿ ಕ್ಯಾತಿಟರ್ ಅನ್ನುವ ನಳಿಕೆ. ಜೊತೆಗೇ ಎಡಗೈಯಲ್ಲಿ ಫಿಸ್ಟುಲಾ ಆಪರೇಷನ್. ಅಂದರೆ ಒಂದು ಅಪಧಮನಿಗೆ ಪಕ್ಕದ ಸಿರೆಯನ್ನು ಸೇರಿಸಿ ಹೊಲಿಯುತ್ತಾರೆ. ರಕ್ತದ ಒತ್ತಡಕ್ಕೆ ಸಿರೆ ದಪ್ಪಗಾಗಿ ಗಟ್ಟಿಯಾಗಲು ಒಂದೂವರೆ ಎರಡು ತಿಂಗಳು ಬೇಕು. ಆಮೇಲೆ ಅದಕ್ಕೇ ಎರಡು ಸೂಜಿ. ಕೈ ಮುಟ್ಟಿದರೆ ಒಳಗೆ ‘ಗುರ್’ ಅಂತ ನಡುಗುತ್ತಿರಬೇಕು. ನಿಂತಿತು ಅಂದರೆ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಿಸುವ ಹಾಗಿಲ್ಲ, ರಕ್ತ ತೆಗೆಸುವ ಹಾಗಿಲ್ಲ, ಬಿಗಿ ವಾಚು ಕಟ್ಟುವ ಹಾಗಿಲ್ಲ, ಆ ಕೈ ಮೇಲೆ ಮಲಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ.

ಭಾರ ಎತ್ತುವ ಹಾಗಿಲ್ಲ ಅನ್ನುವುದು ಕೇಳಲು ಸಣ್ಣ ಮಾತು. ಲಗ್ಗೆರೆಯಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಲಿಫ್ಟ್ ಇಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಊರಿಂದ ಬರುವ ತೆಂಗಿನಕಾಯಿ ಚೀಲ, ಎಲ್ಲಾ ನಾನೇ ಹೆಗಲ ಮೇಲೆ ಹೊತ್ತು ತರುತ್ತಿದ್ದೆ. ಈಗ ಹೆಂಡತಿ ಸಿಲಿಂಡರನ್ನು ಒಂದೊಂದೇ ಮೆಟ್ಟಿಲು ಎತ್ತಿಟ್ಟುಕೊಂಡು ಬರುವಾಗ ನಾನು ಹಿಂದೆ ಬರಿಗೈಲಿ ಹತ್ತಬೇಕು. ಕೆಳಗಿನ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಾರೆ. ಆರಡಿ ಆಳು, ನೋಡೋಕೆ ಚೆನ್ನಾಗೇ ಇದ್ದಾನೆ. ಕಿಡ್ನಿ ಕಾಯಿಲೆ ಹೊರಗೆ ಕಾಣಲ್ಲ ಅಲ್ವಾ? ಕಾಲು ಮುರಿದಿದ್ದರೆ ಬ್ಯಾಂಡೇಜ್ ಆದರೂ ಸಾಕ್ಷಿ ಹೇಳುತ್ತಿತ್ತು. ಸ್ವಲ್ಪ ದಿನ ತುಂಬುತೋಳಿನ ಶರ್ಟು ಬಿಟ್ಟು ಅರ್ಧ ತೋಳಿನದೇ ಹಾಕಿದೆ. ಫಿಸ್ಟುಲಾ ಕಾಣಲಿ ಅಂತಲೇ. ಉಬ್ಬಿದ ನರ ನೋಡಿ ಜನ ಸುಮ್ಮನಾದರು. ನಾಚಿಕೆ ಬಿಟ್ಟು ಹೇಳ್ತೀನಿ, ಅದು ಕೆಲಸ ಮಾಡಿತು.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಫ್ಯಾಕ್ಟರಿಯಲ್ಲಿ ದುಡಿಯುವ ನನ್ನಂಥವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಕಾಯಿಲೆ ಅಂತ ಗೊತ್ತಾದಾಗ ನನ್ನ ಸಂಬಳ ಹತ್ತೊಂಬತ್ತು ಸಾವಿರದ ಆಸುಪಾಸು ಇತ್ತು. ಇಎಸ್‌ಐ ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಅದಕ್ಕೆ ಸೇರಲು 2017ರ ಜನವರಿಯಿಂದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಹಾಗಾಗಿ ನಾನು ಅದರೊಳಗೆ ಇದ್ದೆ. ನಮ್ಮಲ್ಲಿ ಬಹಳ ಜನಕ್ಕೆ ಇಎಸ್‌ಐ ಅಂದರೆ ಮಾತ್ರೆ ಕೊಡುವ ಜಾಗ ಅಂತ ಮಾತ್ರ ಗೊತ್ತು. ರಜೆ ಹಾಕಿ ಮಲಗಿದಾಗ ದುಡ್ಡೂ ಬರುತ್ತದೆ. ಸಿಕ್‌ನೆಸ್ ಬೆನಿಫಿಟ್ ಅಂತ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ. ಅದು ಮುಗಿದ ಮೇಲೂ ಕಾಯಿಲೆ ದೊಡ್ಡದಾಗಿದ್ದರೆ ಇನ್ನೊಂದಿದೆ, ಎಕ್ಸ್‌ಟೆಂಡೆಡ್ ಸಿಕ್‌ನೆಸ್ ಬೆನಿಫಿಟ್. 34 ಕಾಯಿಲೆಗಳ ಒಂದು ಪಟ್ಟಿ ಇದೆ. ಕ್ಯಾನ್ಸರ್, ಟಿಬಿ, ಪಾರ್ಶ್ವವಾಯು ಜೊತೆಗೆ ಕಿಡ್ನಿ ಫೇಲ್ಯೂರ್ ಕೂಡ ಅದರಲ್ಲಿದೆ. ಅದಕ್ಕೆ ಶೇ. 80, ಎರಡು ವರ್ಷದವರೆಗೂ ಕೊಡಬಹುದು. ಎರಡು ವರ್ಷದ ಸರ್ವಿಸ್ ಮತ್ತು ಅಷ್ಟು ಕಾಲದಲ್ಲಿ ಕನಿಷ್ಠ 156 ದಿನದ ಕಂತು ಕಟ್ಟಿರಬೇಕು. ನನಗೆ ಎರಡೂ ಇತ್ತು. ಪಿಎಫ್‌ನಿಂದಲೂ ಕಾಯಿಲೆ ಖರ್ಚಿಗೆ ಅಂತ ಅಡ್ವಾನ್ಸ್ ತೆಗೆಯಬಹುದು. ಮನೆ ಕಟ್ಟಲು ತೆಗೆಯುವ ಹಾಗೆ ಇಷ್ಟು ವರ್ಷ ಆಗಿರಬೇಕು ಅನ್ನುವ ಷರತ್ತು ಆಗ ಇದಕ್ಕಿರಲಿಲ್ಲ.

ರಜೆಯಲ್ಲಿದ್ದಾಗ ಆಫೀಸಿನಿಂದ ಫೋನು. “ಆರೋಗ್ಯ ಮುಖ್ಯ ಅಲ್ವಾ, ಮನೇಲಿ ರೆಸ್ಟ್ ತಗೊಳ್ಳಿ. ಒಂದು ಲೆಟರ್ ಬರೆದುಕೊಟ್ಟರೆ ಸೆಟಲ್‌ಮೆಂಟ್ ಮಾಡ್ತೀವಿ.” ದನಿಯಲ್ಲಿ ಬೆಣ್ಣೆ. ಸಿಕ್‌ನೆಸ್ ಬೆನಿಫಿಟ್ ಪಡೆಯುತ್ತಿರುವ ಕಾರ್ಮಿಕನನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ 1948ರ ಇಎಸ್‌ಐ ಕಾಯ್ದೆಯ 73ನೇ ಕಲಂನಲ್ಲಿತ್ತು. ಆದರೆ ನಾವೇ ಬರೆದುಕೊಟ್ಟ ರಾಜೀನಾಮೆಯಿಂದ ನಮ್ಮನ್ನು ಯಾವ ಕಲಮೂ ಕಾಯುವುದಿಲ್ಲ. ಲೆಟರ್ ಕೊಡಲಿಲ್ಲ. ಬದಲಿಗೆ ಕಿಡ್ನಿ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿಕೊಂಡೆ. ಬರೀ ‘ಲೈಟ್ ವರ್ಕ್ ಕೊಡಿ’ ಅಂತ ಬರೆದರೆ ಯಾರಿಗೂ ಏನೂ ಅರ್ಥ ಆಗಲ್ಲ. ಎಡಗೈಯಲ್ಲಿ ಭಾರ ಎತ್ತಿಸಬಾರದು, ನೈಟ್ ಶಿಫ್ಟ್ ಬೇಡ, ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಬಿಡಬೇಕು, ಕೂತು ಮಾಡುವ ಕೆಲಸ ಪೂರ್ತಿ ಮಾಡಬಲ್ಲ ಅಂತ ಬಿಡಿಬಿಡಿಯಾಗಿ ಬರೆಸಿದೆ. ಕೊನೆಯ ವಾಕ್ಯವೇ ಮುಖ್ಯ. ಪ್ರೊಡಕ್ಷನ್ ಮ್ಯಾನೇಜರ್ ಅದನ್ನು ಓದಿ ನನ್ನನ್ನು ಇನ್ಸ್‌ಪೆಕ್ಷನ್ ಟೇಬಲ್‌ಗೆ ಹಾಕಿದರು.

ಮೆಷಿನ್ ಬಿಟ್ಟು ಟೇಬಲ್‌ಗೆ ಬಂದಿದ್ದು ಶಾಪ್ ಫ್ಲೋರಿನ ಭಾಷೆಯಲ್ಲಿ ಒಂದು ಮೆಟ್ಟಿಲು ಇಳಿದ ಹಾಗೆ. ಸೆಟ್ಟಿಂಗ್ ಮಾಡುವವನಿಗೆ ಒಂದು ಗತ್ತು ಇರುತ್ತದೆ. ಡ್ರಾಯಿಂಗ್ ನೋಡಿ, ಟೂಲ್ ಕಟ್ಟಿ, ಮೊದಲ ಜಾಬ್, ಅಂದರೆ ಪಾರ್ಟು, ಮೈಕ್ರಾನ್ ಲೆಕ್ಕದಲ್ಲಿ ಸರಿಯಾಗಿ ತೆಗೆದವನನ್ನು ಹುಡುಗರು ‘ಗುರು’ ಅನ್ನುತ್ತಾರೆ. ನಾನು ಈಗ ಅದೇ ಹುಡುಗರು ತೆಗೆದ ಜಾಬ್‌ಗೆ ಗೋ, ನೋ-ಗೋ ಗೇಜ್ ಹಾಕಿ ಅಳತೆ ಸರಿ ಇದೆಯಾ ಅಂತ ನೋಡುವವನು. ಜೊತೆಗೆ ಆಪರೇಟರುಗಳೆಲ್ಲ ಓವರ್‌ಟೈಮ್ ಮಾಡುವಾಗ ನಾನು ನಾಲ್ಕೂವರೆಗೆ ಬ್ಯಾಗು ಎತ್ತಿಕೊಂಡು ಹೊರಡಬೇಕು.

ಅದಕ್ಕಿಂತ ವಿಚಿತ್ರ ಅನ್ನಿಸಿದ್ದು ಇನ್ಕ್ರಿಮೆಂಟ್ ಬೇಡ ಅಂತ ಹೇಳಬೇಕಾದ ದಿನ. ಹೆಚ್ಚಿಗೆ ಕೊಟ್ಟರೆ 21,000 ದಾಟುತ್ತಿತ್ತು. ಓವರ್‌ಟೈಮ್ ದುಡ್ಡು ಆ ಮಿತಿಯ ಲೆಕ್ಕಕ್ಕೆ ಬರಲ್ಲ, ಆದರೆ ನನಗೆ ಓವರ್‌ಟೈಮ್ ಎಲ್ಲಿದೆ? ಸಂಬಳವೇ ದಾಟಿದರೆ ಕಾರ್ಡು ಹೋಗುತ್ತದೆ. ಖಾಸಗಿಯಲ್ಲಿ ಡಯಾಲಿಸಿಸ್ ಒಂದು ಸಲಕ್ಕೆ ಸಾವಿರದ ಐನೂರು, ಎರಡು ಸಾವಿರ ಕೇಳುತ್ತಿದ್ದರು. ವಾರಕ್ಕೆ ಮೂರು ಸಲ. ತಿಂಗಳಿಗೆ ಹಾಕಿ ನೋಡಿ, ನನ್ನ ಸಂಬಳವನ್ನೇ ನುಂಗುತ್ತದೆ. ಜೊತೆಗೆ ರಕ್ತ ಹೆಚ್ಚಿಸುವ ಎರಿಥ್ರೋಪೊಯಿಟಿನ್ ಇಂಜೆಕ್ಷನ್, ಬಿಪಿ ಮಾತ್ರೆ. ಹಾಗಾಗಿ ಕ್ಯಾಬಿನ್‌ಗೆ ಹೋಗಿ, “ಸರ್, ಈ ವರ್ಷ ನನಗೆ ಸಂಬಳ ಜಾಸ್ತಿ ಮಾಡಬೇಡಿ” ಅಂದೆ. ಅವರಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಪೀಣ್ಯದಲ್ಲಿ ಹೀಗೆ ಕೇಳಿದವನು ನಾನೊಬ್ಬನೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಹೆಂಡತಿ ಮದುವೆಗೆ ಮುಂಚಿನಿಂದಲೂ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಮಗ ಹುಟ್ಟಿದ ಮೇಲೆ ಬಿಟ್ಟಿದ್ದಳು. ನಾನು ರಜೆಯಲ್ಲಿದ್ದಾಗಲೇ ಅವಳು ಮತ್ತೆ ಸೇರಿದಳು. ಕೈಗೆ ಒಂಬತ್ತು ಸಾವಿರದ ಹತ್ತಿರ. ಬೆಳಗ್ಗೆ ಎಂಟೂಕಾಲಿಗೆ ಮನೆ ಬಿಟ್ಟರೆ ಸಂಜೆ ಆರೂವರೆಗೆ ವಾಪಸ್. ಗಂಟೆಗೆ ಇಷ್ಟು ಕಾಲರ್ ಅಂತ ಟಾರ್ಗೆಟ್. ಮೊದಮೊದಲು ಐದಕ್ಕೆ ಎದ್ದು ಅಡಿಗೆ ಮಾಡಿಟ್ಟು, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುತ್ತಿದ್ದಳು. ಇದು ಹೀಗೆ ನಡೆಯಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಯಾರು ಬಾಯಿ ಬಿಡಬೇಕು ಅನ್ನುವುದಷ್ಟೇ ಪ್ರಶ್ನೆ.

ಅಡಿಗೆ ಮನೆಗೆ ನಾನು ಹೋಗಿದ್ದು ತ್ಯಾಗಕ್ಕೂ ಅಲ್ಲ, ಪ್ರೀತಿಗೂ ಅಲ್ಲ, ಪೊಟ್ಯಾಸಿಯಂ ಕಾಟಕ್ಕೆ. ಡಯಾಲಿಸಿಸ್‌ನವರಿಗೆ ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ನಿಂತುಹೋಗಬಹುದು. ಬಾಳೆಹಣ್ಣು, ಒಣಹಣ್ಣು, ಎಳನೀರು ಬೇಡ. ನಮ್ಮೂರು ತಿಪಟೂರು ಸೀಮೆ, ಕೊಬ್ಬರಿಯ ಊರು. ನನ್ನನ್ನು ನೋಡಲು ಬರುವವರೆಲ್ಲ ಗೊನೆಗೊನೆ ಎಳನೀರು ತರುವವರು. ಅದು ನನ್ನ ಪಾಲಿಗೆ ವಿಷ ಅಂತ ಹೇಳಿದರೆ ಬೇಜಾರು. ಹೇಳದಿದ್ದರೆ ಎದುರಿಗೇ ಕೊಚ್ಚಿ ಕೈಗೆ ಕೊಡುತ್ತಾರೆ. ಇನ್ನೊಂದು, ಅಂಗಡಿಯಲ್ಲಿ ‘ಆರೋಗ್ಯಕ್ಕೆ ಒಳ್ಳೇದು’ ಅಂತ ಮಾರುವ ಕಡಿಮೆ ಸೋಡಿಯಂ ಉಪ್ಪು. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಹೋದವರು ಅದನ್ನು ಮುಟ್ಟಬಾರದು. ನಮಗೆ ಮಾಮೂಲಿ ಉಪ್ಪೇ, ಆದರೆ ಬಹಳ ಕಮ್ಮಿ.

ಸೊಪ್ಪು ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿಬಿಡಿ ಅಂದರು ಡಯಟೀಷಿಯನ್. ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಹೆಂಡತಿ ನಾಲ್ಕು ದಿನ ಎರಡೆರಡು ಅಡಿಗೆ ಮಾಡಿದಳು, ನನಗೊಂದು, ಮನೆಯವರಿಗೊಂದು. ಒಂದು ಭಾನುವಾರ ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಅವಳು ಬಸ್ಸಾರಿಗೆ ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿಯುತ್ತಿದ್ದಳು. ಆ ಕಟ್ಟಿನಲ್ಲೇ ಸಾರು, ಉಳಿದಿದ್ದು ಪಲ್ಯ. ಡಯಟೀಷಿಯನ್ ಚೆಲ್ಲಿ ಅಂದ ನೀರೇ ಅಲ್ವಾ ಅದು? ಕಾಳು ತೆಗೆದು, ಸೊಪ್ಪನ್ನು ಬೇರೆ ಬೇಯಿಸಿ, ಕಟ್ಟು ಮನೆಯವರ ಸಾರಿಗೆ, ಒಂದು ಸಣ್ಣ ಬಟ್ಟಲು ಪಲ್ಯ ನನಗೆ. ಒಂದೇ ಒಲೆ, ಒಂದೇ ಪಾತ್ರೆ. ಡಯಟೀಷಿಯನ್‌ಗೆ ತೋರಿಸಿ ಎಷ್ಟು ತಿನ್ನಬಹುದು ಅಂತ ಕೇಳಿಕೊಂಡೆ. ರಕ್ತ ಪರೀಕ್ಷೆಯ ರಿಪೋರ್ಟು ಸರಿಯಾಗಿ ಬಂತು. ನನ್ನ ಅಡಿಗೆ ಅಂತ ಶುರುವಾಗಿದ್ದು ಅಲ್ಲಿಂದ. ಅಳತೆ ನೋಡುವುದು ನನಗೆ ಬರುವ ಕೆಲಸವೇ. ಉಪ್ಪು ಚಮಚದ ಲೆಕ್ಕ, ಎಣ್ಣೆ ಲೆಕ್ಕ, ಯಾವ ತರಕಾರಿಗೆ ಎಷ್ಟು ನೀರು ಅನ್ನುವ ಲೆಕ್ಕ. ಡಯಾಲಿಸಿಸ್ ಇಲ್ಲದ ದಿನ ರಾತ್ರಿಯ ಅಡಿಗೆ ಪೂರ್ತಿ ನನ್ನದು. ಡಯಾಲಿಸಿಸ್ ಆದ ದಿನ ಹಿಂಡಿದ ಬಟ್ಟೆಯ ಹಾಗೆ ಬಿದ್ದಿರುತ್ತೇನೆ, ಅವತ್ತು ಮಗಳು ಅನ್ನಕ್ಕಿಡುತ್ತಾಳೆ.

ಅವ್ವ ಊರಿಂದ ಬಂದಾಗ ನಾನು ಸಿಂಕಿನ ಮುಂದೆ ಇದ್ದೆ. ಚೀಲ ಇಳಿಸುವ ಮೊದಲೇ ಶುರು. “ನನ್ ಮಗನ ಕೈಲಿ ಪಾತ್ರೆ ತೊಳುಸ್ತಾಳಲ್ಲ, ಇದಕ್ಕೇನಾ ಬೆಂಗ್ಳೂರ್ಗೆ ಕಳ್ಸಿದ್ದು.” ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಸದ್ಯ. “ಅವ್ವ, ನಿನ್ ಮೊಮ್ಮಕ್ಕಳ ಫೀಸು ಕಟ್ಟೋಳು ಅವಳೇ ಕಣವ್ವ. ದುಡ್ಕಂಡ್ ಬಂದೋಳು ಪಾತ್ರೇನೂ ತೊಳೀಬೇಕಾ?” ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, “ನಾನೂ ಮೂವತ್ತು ವರ್ಷ ಹೊಲದಾಗೆ ಗೇಯ್ದೆ. ಯಾವ ನನ್ ಮಗ ತೊಳ್ಕೊಟ್ಟ ನಂಗೆ?” ಅವಳ ಸಿಟ್ಟು ನನ್ನ ಹೆಂಡತಿ ಮೇಲಿನದಲ್ಲ. ಆಮೇಲೆ ಅವ್ವ ಆ ವಿಷಯ ಎತ್ತಲಿಲ್ಲ. ಮುದ್ದೆ ಮಾತ್ರ ನನ್ನ ಕೈಲಿ ತಿರುವಿಸಲಿಲ್ಲ. ಬಿಸಿ ಪಾತ್ರೆಯನ್ನು ಎಡಗೈಯಲ್ಲಿ ಅದುಮಿ ಹಿಡಿಯಬೇಕಲ್ಲ, ಅದಕ್ಕೆ.

ಇನ್ನು ಹೊಗಳಿಕೆ. ನಾನು ಅಡಿಗೆ ಮಾಡ್ತೀನಿ ಅಂತ ಗೊತ್ತಾದ ಮೇಲೆ ಬೀದಿಯಲ್ಲಿ ನನಗೆ ಒಳ್ಳೇ ಹೆಸರು. “ಎಂಥಾ ಗಂಡ ಸಿಕ್ಕಿದ್ದಾರೆ ನಿನಗೆ” ಅಂತ ನನ್ನ ಹೆಂಡತಿಗೆ ಹೇಳುತ್ತಾರೆ. ಹತ್ತು ಗಂಟೆ ಹೊರಗೆ ದುಡಿದು, ಬಸ್ಸಿನಲ್ಲಿ ನಿಂತು ಬಂದು, ಭಾನುವಾರ ಮನೆಯವರೆಲ್ಲರ ಬಟ್ಟೆ ಒಗೆಯುವ ಅವಳಿಗೆ ಯಾರೂ ಏನೂ ಹೇಳಿದ್ದು ನಾನು ಕೇಳಿಲ್ಲ. ಗಂಡಸು ಒಂದು ಸಾರು ಕುದಿಸಿದರೆ ಅದು ಸುದ್ದಿ. ಈ ಹೊಗಳಿಕೆ ನನಗೆ ಹಿಡಿಸುತ್ತದೆ ಅನ್ನುವುದೂ ನಿಜ. ಬೇಡ ಅಂತ ಯಾಕೆ ಸುಳ್ಳು ಹೇಳಲಿ.

ಪ್ರಶ್ನೆಗಳ ವಿಷಯಕ್ಕೆ ಬರುತ್ತೇನೆ. ಕಾಯಿಲೆ ಬಂದ ಮೇಲೆ ಮನೆಯಲ್ಲಿ ಎಲ್ಲರೂ ನನ್ನನ್ನು ಕೇಳುವವರೇ. “ಮಾತ್ರೆ ತಗೊಂಡ್ರಾ? ಎಷ್ಟು ನೀರು ಕುಡಿದ್ರಿ? ಅದೇನು ಬಾಯಲ್ಲಿ?” ಮಗ ಶಾಲೆಯಿಂದ ಬಂದವನೇ, “ಅಪ್ಪ, ಇವತ್ತು ತೂಕ ಎಷ್ಟು?” ನಮ್ಮಂಥವರಿಗೆ ದಿನಕ್ಕೆ ಅರ್ಧ ಲೀಟರು, ಅದರ ಮೇಲೆ ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅಷ್ಟೇ ನೀರು. ಕಾಫಿ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ ಬರಬೇಕು. ಏಪ್ರಿಲ್ ತಿಂಗಳಲ್ಲಿ ತಗಡಿನ ಶೆಡ್ಡಲ್ಲಿ ಕೂತು ಕೆಲಸ ಮಾಡಿ ಬಂದವನನ್ನು “ಎಷ್ಟು ಕುಡಿದ್ರಿ” ಅಂತ ಕೇಳಿದರೆ ಮೈ ಉರಿಯುತ್ತದೆ. ಕೇಳುವವರಿಗೂ ಸುಖ ಇಲ್ಲ. ಜಾಸ್ತಿ ಕುಡಿದರೆ ನೀರು ಶ್ವಾಸಕೋಶಕ್ಕೆ ಹೋಗಿ ಅರ್ಧರಾತ್ರಿ ಆಟೋ ಹುಡುಕಬೇಕಾದವರು ಅವರೇ.

ಇದಕ್ಕೆ ದಾರಿ ಫ್ಯಾಕ್ಟರಿಯಿಂದಲೇ ಬಂತು. ಶಾಪ್ ಫ್ಲೋರಲ್ಲಿ ಯಾರೂ ಯಾರನ್ನೂ ‘ಎಷ್ಟಾಯ್ತು’ ಅಂತ ಕೇಳಿಕೊಂಡು ತಿರುಗಲ್ಲ. ಬೋರ್ಡ್ ಮೇಲೆ ಬರೆದಿರುತ್ತೆ, ಬೇಕಾದವರು ನೋಡ್ತಾರೆ. ಮಗಳು ಒಂದು ಬಾಟಲಿ ತಗೊಂಡು ಅದರ ಮೇಲೆ ಮಾರ್ಕರ್‌ನಿಂದ ಐವತ್ತು ಮಿಲಿಗೆ ಒಂದೊಂದು ಗೆರೆ ಎಳೆದಳು. ಬೆಳಗ್ಗೆ ಅವತ್ತಿನ ಪಾಲು ನೀರು ತುಂಬಿಡುವುದು. ಕಾಫಿ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯುವುದು. ಬಾಟಲಿ ಟೀವಿ ಪಕ್ಕ ಇರುತ್ತದೆ. ನೋಡುವವರು ನೋಡಲಿ. ತೂಕವನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಪ್ರಶ್ನೆ ನಿಂತಿತು. ನೀರು ಕಮ್ಮಿ ಆಗಿದ್ದಕ್ಕಿಂತ ಮನೆಯಲ್ಲಿ ಜಗಳ ಕಮ್ಮಿ ಆಗಿದ್ದು ದೊಡ್ಡದು.

ದುಡ್ಡಿಗೂ ಹೀಗೇ. ನನ್ನ ಸಂಬಳಕ್ಕಿಂತ ಅವಳ ಸಂಬಳ ಮುಖ್ಯವಾದ ಮೇಲೆ ಆಟೋಗೆ, ಕಟಿಂಗ್‌ಗೆ, ಗೆಳೆಯನ ಮಗಳ ಮದುವೆ ಮುಯ್ಯಿಗೆ ಅವಳ ಹತ್ತಿರ ಕೇಳಬೇಕು. ಅವಳು ಒಂದು ದಿನವೂ ಯಾಕೆ ಅಂದವಳಲ್ಲ. ಆದರೂ ಕೇಳುವಾಗ ದನಿ ತಾನಾಗೇ ಸಣ್ಣ ಆಗುತ್ತದೆ, ಇಲ್ಲಾ ವಿನಾಕಾರಣ ದೊಡ್ಡ ಆಗುತ್ತದೆ. ನಮ್ಮ ಬೀದಿಯ ಎಷ್ಟು ಹೆಂಗಸರು ಮದುವೆಯಾದಾಗಿಂದ ಹೀಗೇ ಕೇಳಿ ಕೇಳಿ ತರಕಾರಿ ತರುತ್ತಿದ್ದಾರೋ! ತಿಂಗಳ ಮೊದಲ ವಾರ ಇಬ್ಬರಿಗೂ ಒಂದೊಂದು ಡಬ್ಬಿಗೆ ಇಷ್ಟು ಅಂತ ಹಾಕಿಬಿಡುತ್ತೇವೆ. ಡಬ್ಬಿಯ ದುಡ್ಡಿಗೆ ಲೆಕ್ಕ ಹೇಳಬೇಕಾಗಿಲ್ಲ. ಅವಳ ಡಬ್ಬಿಯಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ.

ಬರೆಯಲೋ ಬೇಡವೋ ಅಂತ ಯೋಚಿಸಿದ ಒಂದು ವಿಷಯ. ಡಯಾಲಿಸಿಸ್‌ನಲ್ಲಿರುವ ಗಂಡಸರಲ್ಲಿ ಬಹಳ ಜನಕ್ಕೆ ಹಾಸಿಗೆಯ ವಿಷಯದಲ್ಲಿ ತೊಂದರೆ ಆಗುತ್ತದೆ. ಯಾರೂ ಹೇಳಲ್ಲ. ವೈದ್ಯರೂ ತಾವಾಗಿ ಕೇಳಲ್ಲ. ನಾನೇ ಕೇಳಿದೆ, ಹೆಂಡತಿ ಹೊರಗೆ ಹೋದ ಮೇಲೆ. ರಕ್ತಹೀನತೆ, ಹಾರ್ಮೋನು, ಕೆಲವು ಬಿಪಿ ಮಾತ್ರೆ, ಮನಸ್ಸಿನ ಕುಗ್ಗು, ಎಲ್ಲಾ ಸೇರಿ ಹೀಗಾಗುತ್ತೆ ಅಂದರು. ಮಾತ್ರೆ ಬದಲಿಸಿದರು. ಇದಕ್ಕೆ ಅಂತ ಸಿಗುವ ಗುಳಿಗೆಗಳನ್ನು ಎದೆನೋವಿನ ನೈಟ್ರೇಟ್ ಮಾತ್ರೆ ಜೊತೆ ತಗೊಂಡರೆ ಬಿಪಿ ಪೂರಾ ಬಿದ್ದುಹೋಗುತ್ತೆ, ಕೇಳದೆ ತಗೋಬೇಡಿ ಅಂದರು. ಮೊಬೈಲಿಗೆ ಬರುವ ‘ಗಂಡಸುತನದ ಪುಡಿ’ಗಳ ಬಗ್ಗೆ ಕೇಳಿದ್ದಕ್ಕೆ, ಅಂಥವುಗಳಲ್ಲಿ ಕೆಲವಕ್ಕೆ ಪಾದರಸ, ಸೀಸದಂಥ ಲೋಹ ಬೆರೆತಿರುತ್ತೆ, ಉಳಿದಿರೋ ಕಿಡ್ನಿಯೂ ಹೋಗುತ್ತೆ ಅಂದರು. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಹೆಂಡತಿಗೆ ಕಾರಣ ಗೊತ್ತಾಗಿದ್ದೇ ದೊಡ್ಡ ಸಮಾಧಾನ. ತನ್ನ ಮೇಲೆ ಬೇಜಾರೇನೋ ಅಂದುಕೊಂಡಿದ್ದಳಂತೆ. ಇಷ್ಟು ಸಾಕು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಬೀದಿಯ ಗಂಡಸರೆಲ್ಲ ನನ್ನ ಹಾಗೇ ಮನೆಯಲ್ಲಿ. ವಾರ ಕಳೆಯುವುದರೊಳಗೆ ಎಲ್ಲರೂ ಸಿಡುಕರು. ನಾನೊಬ್ಬ ಮಾತ್ರ ಪಾಸ್ ತೋರಿಸಿಕೊಂಡು ವಾರಕ್ಕೆ ಮೂರು ದಿನ ಹೊರಗೆ ಹೋಗುತ್ತಿದ್ದವನು. ಅಸೂಯೆಯಿಂದ ನೋಡುತ್ತಿದ್ದರು. ಡಯಾಲಿಸಿಸ್‌ಗೆ ಹೋಗುವವನನ್ನು ಜನ ಅಸೂಯೆಯಿಂದ ನೋಡಿದ್ದು ಅದೊಂದೇ ಕಾಲ.

ಅದಾಗಿ ಎರಡು ವರ್ಷಕ್ಕೆ ನಮ್ಮ ಫ್ಯಾಕ್ಟರಿ ತುಮಕೂರು ಹತ್ತಿರದ ವಸಂತನರಸಾಪುರಕ್ಕೆ ಹೋಯಿತು. ಕಂಪನಿ ಬಸ್ಸಿನಲ್ಲಿ ದಿನಾ ಹೋಗಿ ಬಂದು ಡಯಾಲಿಸಿಸ್ ಸಮಯ ಹಿಡಿಯಲು ಆಗಲ್ಲ. ಈ ಸಲ ಲೆಟರ್ ನಾನೇ ಬರೆದುಕೊಟ್ಟೆ. ಗ್ರ್ಯಾಚುಟಿ ಬಂತು, ಒಂದು ವರ್ಷದ ಸರ್ವಿಸ್‌ಗೆ ಹದಿನೈದು ದಿನದ ಕೂಲಿಯ ಲೆಕ್ಕದಲ್ಲಿ. ಆದರೆ ನನ್ನ ಇಎಸ್‌ಐ ಮುಂದುವರಿಯಲ್ಲ. ಮುಂದೆ ಚಿಕಿತ್ಸೆ ನಡೆಯಬೇಕಾದರೆ ಹೆಂಡತಿಯ ಕಾರ್ಡಿಗೆ ನನ್ನ ಹೆಸರು ಸೇರಬೇಕು. ಇಎಸ್‌ಐ ಕಟ್ಟುವ ಹೆಂಗಸಿನ ಗಂಡನೂ ‘ಕುಟುಂಬ’ದ ಲೆಕ್ಕಕ್ಕೆ ಬರುತ್ತಾನೆ.

ಅವಳ ಫ್ಯಾಕ್ಟರಿಯ ಆಫೀಸಿಗೆ ಇಬ್ಬರೂ ಹೋದೆವು. ಕಂಪ್ಯೂಟರ್ ಮುಂದಿದ್ದ ಹುಡುಗ ಕೇಳಿದ, “ಇವರು ಏನ್ ಕೆಲಸ ಮಾಡ್ತಾರೆ?” ನನ್ನನ್ನು ಕೇಳಲಿಲ್ಲ, ಅವಳನ್ನು ಕೇಳಿದ. ಅವಳು ನನ್ನ ಕಡೆ ನೋಡಿದಳು. “ಏನೂ ಇಲ್ಲ ಅಂತ ಹಾಕ್ಕೊಳಿ” ಅಂದೆ. ಅವಳು ಒಪ್ಪಲಿಲ್ಲ. “ಸಿಎನ್‌ಸಿ ಸೆಟ್ಟರ್ ಆಗಿದ್ರು. ಈಗ ನನ್ನ ಮೇಲೆ ಇದ್ದಾರೆ” ಅಂದಳು. ಹುಡುಗ ಸಂಬಂಧದ ಕಾಲಂನಲ್ಲಿ ‘ಸ್ಪೌಸ್’ ಅಂತ ಒತ್ತಿ, ಫೋಟೋ ಕೇಳಿದ. ಮೂರು ನಿಮಿಷದ ಕೆಲಸ. ಅವಳ ಹೆಸರು ಮೇಲೆ, ಕೆಳಗೆ ಮಕ್ಕಳ ಸಾಲಿನಲ್ಲಿ ನನ್ನ ಹೆಸರು. ಆ ಪ್ರಿಂಟು ಮಡಚಿ ಜೇಬಿಗೆ ಹಾಕಿಕೊಂಡಾಗ ದುಃಖ ಆಗುತ್ತೆ ಅಂದುಕೊಂಡಿದ್ದೆ. ನಿಜ ಹೇಳಬೇಕು ಅಂದರೆ ಜೀವಕ್ಕೆ ಹಗುರ ಅನ್ನಿಸಿತು. ಮುಂದಿನ ವಾರದ ಡಯಾಲಿಸಿಸ್ ನಿಲ್ಲಲ್ಲ.

ಈಗ ನಾನು ಮೆಷಿನ್ ಏನು ಮಾಡಬೇಕು ಅಂತ ಹೇಳುವ ಪ್ರೋಗ್ರಾಂ ಬರೆದುಕೊಡುತ್ತೇನೆ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಒಂದೋ ಎರಡೋ ಸಿಎನ್‌ಸಿ ಇರುತ್ತದೆ, ಸೆಟ್ಟರ್ ಇಟ್ಟುಕೊಳ್ಳುವ ತಾಕತ್ತು ಇರಲ್ಲ. ಮಾಲೀಕ ಡ್ರಾಯಿಂಗ್ ಫೋಟೋ ಕಳಿಸುತ್ತಾನೆ. ನಾನು ಜಿ-ಕೋಡ್ ಅನ್ನುವ ಮೆಷಿನ್ ಭಾಷೆಯಲ್ಲಿ ಬರೆದು, ಯಾವ ಇನ್ಸರ್ಟು (ಕತ್ತರಿಸುವ ಅಲಗು), ಎಷ್ಟು ಸ್ಪೀಡು, ಎಷ್ಟು ಫೀಡು ಅಂತ ಹೇಳಿ ಕಳಿಸುತ್ತೇನೆ. ಡಯಾಲಿಸಿಸ್ ಮಂಚದ ಮೇಲೆ ಬಲಗೈ ಖಾಲಿ ಇರುತ್ತದಲ್ಲ, ನೋಟ್‌ಬುಕ್ಕಿನಲ್ಲಿ ಅಲ್ಲೇ ಬರೆಯುತ್ತೇನೆ. ಬಿಪಿ ಬಿದ್ದ ದಿನ ಬರೆಯಲ್ಲ. ಸೊನ್ನೆಯೊಂದು ತಪ್ಪಿದರೆ ಟೂಲ್ ಹೋಗಿ ಲೋಹ ಹಿಡಿದಿರುವ ಚಕ್‌ಗೆ ಬಡಿಯುತ್ತದೆ. ಒಂದು ಪ್ರೋಗ್ರಾಂಗೆ ಮುನ್ನೂರರಿಂದ ಎಂಟುನೂರು ಸಿಗುತ್ತದೆ. ಕೆಲವು ತಿಂಗಳು ಚೆನ್ನಾಗಿ ಬರುತ್ತದೆ, ಕೆಲವು ತಿಂಗಳು ಕರೆಂಟ್ ಬಿಲ್ಲಿಗೂ ಸಾಲಲ್ಲ. ಮನೆ ನಡೆಯುವುದು ಅವಳ ಸಂಬಳದಿಂದಲೇ.

ಉಳಿದಿರುವ ದೊಡ್ಡ ಮಾತು ಕಸಿಯದು. ಅಂಗದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದೇನೆ. ಸತ್ತವರ ಕಿಡ್ನಿ ಸಿಗಲು ಅಲ್ಲಿ ಸರದಿ ಕಾಯಬೇಕು. ಮನೆಯವರು ಕೊಡುವುದಾದರೆ ಬೇಗ. ಅವ್ವನಿಗೆ ಸಕ್ಕರೆ ಕಾಯಿಲೆ, ಆಗಲ್ಲ ಅಂದರು. ಅಣ್ಣ ಇದ್ದಾನೆ, ನನ್ನದೇ ರಕ್ತದ ಗುಂಪು. ಅವನೇ ಮುಂದೆ ಬಂದ. ಅತ್ತಿಗೆ ಅತ್ತರು. “ದುಡಿಯೋ ಗಂಡಸು, ನಾಳೆ ಇವರಿಗೆ ಹೆಚ್ಚುಕಮ್ಮಿ ಆದ್ರೆ ನಮ್ಮ ಗತಿ ಏನು ಮೈದುನ?” ಅವರ ಮಾತಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಇಡೀ ನೆಂಟರಿಷ್ಟರು ಹೌದು ಹೌದು ಅಂದರು, ಅವನು ಬೇಡ.

ಆಮೇಲೆ ಎಲ್ಲರ ಕಣ್ಣು ನನ್ನ ಹೆಂಡತಿ ಕಡೆ ತಿರುಗಿತು. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರೇ, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರೇ. ನಮ್ಮ ಯೂನಿಟ್‌ನಿಂದ ಕಸಿಗೆ ಹೋದವರ ಪೈಕಿ ನನಗೆ ಗೊತ್ತಿರುವ ಗಂಡಸರಿಗೆಲ್ಲ ಕೊಟ್ಟವರು ಹೆಂಡತಿ ಇಲ್ಲಾ ತಾಯಿ. ದುಡಿಯುವವರು ಕೊಡಬಾರದು ಅನ್ನುವುದೇ ನ್ಯಾಯವಾದರೆ, ನಮ್ಮ ಮನೆಯಲ್ಲಿ ದುಡಿಯುತ್ತಿರುವವಳು ಇವಳೇ. ಇವಳಿಗೆ ಹೆಚ್ಚುಕಮ್ಮಿ ಆದರೆ ನಮ್ಮ ಗತಿ ಏನು ಅಂತ ಒಬ್ಬರೂ ಕೇಳಲಿಲ್ಲ. ಅವ್ವ ಕೇಳಲಿಲ್ಲ, ಅತ್ತೆ ಮಾವ ಕೇಳಲಿಲ್ಲ. ಇದನ್ನು ನಾನು ಎಲ್ಲರ ಮುಂದೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಹೆಂಡತಿ ನನ್ನನ್ನೇ ತಡೆದಳು. “ನಾನು ಕೊಡೋದು ಬಿಡೋದು ನನ್ನ ಲೆಕ್ಕ. ನೀವೂ ನನ್ನ ಪರವಾಗಿ ಮಾತಾಡಬೇಡಿ” ಅಂದಳು.

ಅವಳ ಲೆಕ್ಕ ಹೀಗಿದೆ. ಕಸಿ ಆದರೆ ನಾನು ಮತ್ತೆ ಪೂರ್ತಿ ಕೆಲಸಕ್ಕೆ ಹೋಗಬಹುದು. ಅವಳಿಗೆ ಆಪರೇಷನ್ ಆದ ಮೇಲೆ ಒಂದೂವರೆ ಎರಡು ತಿಂಗಳು ಭಾರ ಎತ್ತುವ ಹಾಗಿಲ್ಲ. ಅಂಗ ದಾನ ಮಾಡುವ ಕೇಂದ್ರ ಸರ್ಕಾರಿ ನೌಕರರಿಗೆ 2023ರಿಂದ 42 ದಿನದ ವಿಶೇಷ ರಜೆ ಇದೆ. ಗಾರ್ಮೆಂಟ್ಸ್‌ನವರಿಗೆ ಅಂಥದ್ದಿಲ್ಲ. ಇಪ್ಪತ್ತು ದಿನ ದುಡಿದರೆ ಒಂದು ದಿನದಂತೆ ಕೂಡಿದ ಗಳಿಕೆ ರಜೆ, ಅದರಾಚೆಗೆ ಫ್ಯಾಕ್ಟರಿ ಸಂಬಳ ಕಟ್, ಇಎಸ್‌ಐ ದುಡ್ಡು ಸಿಕ್ಕರೂ ಪೂರ್ತಿ ಸಂಬಳ ಆಗಲ್ಲ. ವಾಪಸ್ ಹೋದಾಗ ಅದೇ ಲೈನಿನಲ್ಲಿ ಅದೇ ಮೆಷಿನ್ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಹಾಗಾಗಿ ಅವಳ ಮೂರು ತಿಂಗಳ ಸಂಬಳದಷ್ಟು ದುಡ್ಡು ಮೊದಲು ಕೈಯಲ್ಲಿರಬೇಕು, ಆಮೇಲೆ ಟೆಸ್ಟು ಅನ್ನುತ್ತಾಳೆ.

ಪ್ರೋಗ್ರಾಂ ಬರೆದ ದುಡ್ಡನ್ನೆಲ್ಲ ಪೋಸ್ಟ್ ಆಫೀಸಿನಲ್ಲಿ ಅವಳ ಹೆಸರಿನ ಖಾತೆಗೆ ಹಾಕುತ್ತಿದ್ದೇನೆ. ಎರಡು ತಿಂಗಳ ಸಂಬಳದಷ್ಟು ಆಗಿದೆ. ಯಾರದಾದರೂ ಶೆಡ್ಡಿನಲ್ಲಿ ಟರ್ನಿಂಗ್ ಪ್ರೋಗ್ರಾಂ ಬೇಕಿದ್ದರೆ ಹೇಳಿ. ಡ್ರಾಯಿಂಗ್ ಸರಿಯಾಗಿ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ ಸಾಕು. ಡಯಾಲಿಸಿಸ್ ದಿನ ಮಾತ್ರ ಸಂಜೆ ತನಕ ಕಾಯಬೇಕಾಗುತ್ತದೆ.